ಸ್ವಂತ ಸರ್ವರ್, ಬಾಡಿಗೆಯ ಮೋಡ

ಬಾಡಿಗೆ ಮನೆಯಲ್ಲಿ ಬಹಳ ಕಾಲ ಇದ್ದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಸ್ವಂತದ್ದಾದರೆ ಸೋರಿದರೂ ಚೆಂದ, ಬಾಡಿಗೆಯದ್ದಾದರೆ ಅರಮನೆಯ ಮೇಲೂ ಅನುಮಾನ. ಈ ಕಾಯಿಲೆ ನನಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉಡುಪಿ ಕಡೆಯಿಂದ ಮುಂಬಯಿಗೆ ಬಂದ ಮೊದಲ ವರ್ಷಗಳಲ್ಲಿ ನಾನೂ ನನ್ನ ಹೆಂಡತಿಯೂ ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸಿದವರು. ಇಲ್ಲಿ ಬಾಡಿಗೆ ಕರಾರೆಂದರೆ ಹನ್ನೊಂದೇ ತಿಂಗಳು. ಹನ್ನೆರಡನೆಯ ತಿಂಗಳು ಪಂಚಾಂಗದಲ್ಲಿ ಮಾತ್ರ ಇರುತ್ತದೆ. ಡೊಂಬಿವಲಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಟಿಟ್ವಾಳಾಕ್ಕೆ ನಮ್ಮ ತುಳಸಿ ಗಿಡ ಟೆಂಪೋದಲ್ಲಿ ಎಷ್ಟು ಸಲ ಓಡಾಡಿತೆಂದರೆ, ಅದಕ್ಕೊಂದು ಪಾಸ್ ಮಾಡಿಸಬೇಕಿತ್ತು ಎಂದು ಹೆಂಡತಿ ಹೇಳುತ್ತಿದ್ದಳು. ಕೊನೆಗೆ ಬದಲಾಪುರದಲ್ಲಿ ಒಂದು ಸ್ವಂತ ಗೂಡು ಸಿಕ್ಕಿತು. ಮಳೆಗಾಲದಲ್ಲಿ ಅದರ ಅಡುಗೆಮನೆ ಗೋಡೆ ಬೆವರುತ್ತಿತ್ತು. ನಾನು ಅದನ್ನು ಪ್ರೀತಿಯಿಂದ ಒರೆಸುತ್ತಿದ್ದೆ.

ಇಂಥವನ ಕೈಗೇ ನಮ್ಮ ಆಫೀಸಿನ ಕಂಪ್ಯೂಟರ್ ವ್ಯವಸ್ಥೆ ಸಿಕ್ಕಿದ್ದು. ನಮ್ಮದು ಹೋಟೆಲುಗಳಿಗೆ ಗ್ರೈಂಡರು, ದೋಸೆ ಕಾವಲಿ, ಇಡ್ಲಿ ಬೇಯಿಸುವ ಪೆಟ್ಟಿಗೆ ಮಾರಿ, ಕೆಟ್ಟಾಗ ಹೋಗಿ ರಿಪೇರಿ ಮಾಡುವ ಕಂಪನಿ. ಮುಖ್ಯ ಆಫೀಸು ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ, ಶಾಖೆ ನವಿ ಮುಂಬಯಿಯ ತುರ್ಭೆಯಲ್ಲಿ. ಯಾವ ಹೋಟೆಲಿನ ಗ್ರೈಂಡರು ಮುನಿಸಿಕೊಂಡಿದೆ, ಯಾವ ಮೆಕ್ಯಾನಿಕ್ ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರು ಒಂದು ಸರ್ವರಿನಲ್ಲಿತ್ತು. ಆ ಸರ್ವರ್ ಇದ್ದ ಸಣ್ಣ ಕೋಣೆಯ ಕೀಲಿಕೈ ನನ್ನ ಸೊಂಟದಲ್ಲಿತ್ತು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಆಯುಧ ಪೂಜೆಗೆ ಅದಕ್ಕೆ ಗೊಂಡೆ ಹೂವಿನ ಮಾಲೆ, ಬಾಗಿಲಲ್ಲಿ ಕುಂಬಳಕಾಯಿ. ಒಂದು ವರ್ಷ ನನ್ನ ಭಕ್ತಿ ಸ್ವಲ್ಪ ಜಾಸ್ತಿಯಾಗಿ ಕುಂಕುಮ ಫ್ಯಾನಿನೊಳಗೆ ಹೋಯಿತು. ಸರ್ವರ್ ಮೂರು ದಿನ ದಮ್ಮು ಬಂದವರಂತೆ ಉಸಿರಾಡಿತು. ಬಿಚ್ಚಿ ನೋಡಿದ ರಿಪೇರಿಯವನು, ಹೊರಗೆ ತಿಲಕ ಇಟ್ಟವರನ್ನು ಕಂಡಿದ್ದೇನೆ, ಒಳಗೆ ಇಟ್ಟವರನ್ನು ಇದೇ ಮೊದಲು ನೋಡುವುದು ಎಂದು ಹಿಂದಿಯಲ್ಲಿ ಹೇಳಿದ. ಇಡೀ ಆಫೀಸಿನಲ್ಲಿ ಏಸಿ ಇದ್ದದ್ದು ಆ ಕೋಣೆಗೆ ಮಾತ್ರ ಎಂಬುದನ್ನೂ ಹೇಳಬೇಕು. ಊಟದ ನಂತರ ನಾನು ಅಲ್ಲಿ ಅರ್ಧ ಗಂಟೆ ಸರ್ವರಿನ ಆರೈಕೆ ಮಾಡುತ್ತಿದ್ದೆ, ಕಣ್ಣು ಮುಚ್ಚಿಕೊಂಡು.

ಹೀಗಿರುವಾಗ ಘೋಡಬಂದರ್ ರಸ್ತೆಯ ಒಂದು ಕಂಪನಿಯಿಂದ ಟೈ ಕಟ್ಟಿದ ಮರಾಠಿ ಗೃಹಸ್ಥರೊಬ್ಬರು ಬಂದರು. ಸರ್ವರ್ ಇನ್ನು ಬೇಡ, ಎಲ್ಲವನ್ನೂ ಕ್ಲೌಡಿನಲ್ಲಿಡಿ, ಇಂಟರ್‌ನೆಟ್ಟಿನ ಆಚೆ ಇರುವ ಯಂತ್ರ ನಮ್ಮದು, ನೀವು ತಿಂಗಳು ತಿಂಗಳು ಕೊಟ್ಟರಾಯಿತು ಎಂದರು. ನಮ್ಮ ಧನಿಗಳು, ಅಂದರೆ ಮಾಲೀಕರು, ಅವರೂ ಒಂದು ಕಾಲದಲ್ಲಿ ಹನ್ನೊಂದು ತಿಂಗಳ ಗಿರಾಕಿಯೇ. ತಿಂಗಳು ತಿಂಗಳು ಎಂದ ಕೂಡಲೇ ಅವರ ಮುಖ ಬದಲಾಯಿತು. ಡಿಪಾಸಿಟ್ ಎಷ್ಟು, ಬಿಡುವಾಗ ಪೇಂಟಿಂಗ್ ಖರ್ಚು ಯಾರದ್ದು ಎಂದೆಲ್ಲ ವಿಚಾರಿಸಿದರು. ಕೊನೆಗೆ, ಅವಧಿ ಮುಗಿದ ದಿನ ನಮ್ಮ ಸಾಮಾನು ಹೊರಗೆ ಹಾಕುತ್ತಾರೆಯೇ ಎಂದು ಕೇಳಿದರು. ಆ ಗೃಹಸ್ಥರು ಕಕ್ಕಾಬಿಕ್ಕಿಯಾಗಿ, ಹಾಗೇನಿಲ್ಲ, ಕರಾರು ಹನ್ನೆರಡು ತಿಂಗಳದ್ದು ಎಂದರು. ಹನ್ನೆರಡು! ಧನಿಗಳು ನನ್ನನ್ನೂ ನಾನು ಧನಿಗಳನ್ನೂ ನೋಡಿದೆವು. ಇದರಲ್ಲಿ ಏನೋ ಮೋಸವಿದೆ ಎಂದು ಇಬ್ಬರಿಗೂ ಖಾತ್ರಿಯಾಯಿತು.

ಆದರೂ ಧನಿಗಳು ನ್ಯಾಯಸ್ಥರು. ಸ್ವಂತ ಸರ್ವರ್ ಒಳ್ಳೆಯದೋ ಬಾಡಿಗೆ ಕ್ಲೌಡ್ ಒಳ್ಳೆಯದೋ ಎಂದು ವಿಚಾರ ಮಾಡಿ ಒಂದು ವರದಿ ಬರೆದುಕೊಡಲು ನನಗೆ ಹೇಳಿದರು. ಬೆಕ್ಕನ್ನು ಕರೆದು ಹಾಲಿನ ಬಗ್ಗೆ ಅಭಿಪ್ರಾಯ ಕೇಳಿದ ಹಾಗಾಯಿತು. ನಾನು ಭದ್ರತೆ ಎಂದು ಬರೆದೆ, ಇಂಟರ್‌ನೆಟ್ ಹೋದರೆ ಗತಿಯೇನು ಎಂದು ಬರೆದೆ, ನಮ್ಮ ವಸ್ತು ನಮ್ಮ ಕಣ್ಣೆದುರು ಇರಬೇಕು ಎಂದು ಬರೆದು ಅಡಿಗೆರೆ ಎಳೆದೆ. ಏಸಿಯ ವಿಷಯ ಬರೆಯಲಿಲ್ಲ. ಇನ್ನೊಂದು ವಿಷಯವನ್ನೂ ಬರೆಯಲಿಲ್ಲ. ತುರ್ಭೆ ಶಾಖೆಯ ಶಕುಂತಲಾ, ವಿಜಯಪುರ ಕಡೆಯ ಹೆಣ್ಣುಮಗಳು, ಪ್ರತಿದಿನ ಬೆಳಿಗ್ಗೆ ಫೋನು ಮಾಡಿ, ಸದಣ್ಣಾರ, ಸರ್ವರ್ ಎದ್ದೈತೇನ್ರಿ ಎಂದು ಕೇಳುತ್ತಿದ್ದಳು. ಎದ್ದಿದೆ ಎಂದು ನಾನು ಗರ್ಭಗುಡಿಯ ಬಾಗಿಲು ತೆರೆದ ಅರ್ಚಕರ ಗತ್ತಿನಲ್ಲಿ ಹೇಳುತ್ತಿದ್ದೆ. ನಾನು ಎದ್ದೆನೋ ಇಲ್ಲವೋ ಎಂದು ನಮ್ಮ ಮನೆಯಲ್ಲೇ ಯಾರೂ ಕೇಳುವುದಿಲ್ಲ. ಕ್ಲೌಡ್ ಬಂದರೆ ಆ ಫೋನು ನಿಲ್ಲುತ್ತದೆ. ನನ್ನ ನಿಜವಾದ ಭಯ ಅದೊಂದೇ ಆಗಿತ್ತು.

ವರದಿಗೆ ತೂಕ ಬರಲಿ ಎಂದು ಶಕುಂತಲಾಳಿಗೇ ಫೋನು ಮಾಡಿದೆ. ಸ್ವಂತ ಸರ್ವರಿನಿಂದ ತುರ್ಭೆಯವರಿಗೆ ಎಷ್ಟು ಅನುಕೂಲ ಎಂದು ಒಂದೆರಡು ವಾಕ್ಯ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಅವಳು ಹೇಳಿದ್ದು ಬೇರೆಯೇ.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ನಿಮ್ಮ ಸರ್ವರ್ ಶುಕ್ರವಾರ ಸೂಟಿ ತಗೋತೈತಿ, ಅದಕ್ಕ ನನ್ನ ಐತವಾರದ ಸೂಟಿ ಹೋಗ್ತೈತ್ರಿ. ಐತವಾರ ಅಂದ್ರ ಅವ್ವ ಮನ್ಯಾಗ ಇರದ ದಿನ ಅಂತ ನನ್ನ ಮಗಳು ತಿಳಕೊಂಡಾಳ."

ವಿಷಯ ಇಷ್ಟೇ. ನಮ್ಮ ಡೊಂಬಿವಲಿ ಆಫೀಸಿಗೆ ವಾರದ ರಜೆ ಶುಕ್ರವಾರ. ಅಂದು ಅಲ್ಲಿ ಕರೆಂಟಿಗೂ ರಜೆ, ಸರ್ವರಿಗೂ ರಜೆ. ತುರ್ಭೆಯಲ್ಲಿ ರಜೆ ಭಾನುವಾರ. ಶುಕ್ರವಾರ ಬಂದ ದೂರುಗಳನ್ನೆಲ್ಲ ಅವಳು ಕಾಗದದಲ್ಲಿ ಬರೆದಿಟ್ಟು, ಶನಿವಾರ ಆ ದಿನದ ಕೆಲಸದಲ್ಲೇ ಮುಗಿದುಹೋಗುವುದರಿಂದ, ಭಾನುವಾರ ಬಂದು ಕಂಪ್ಯೂಟರಿಗೆ ತುಂಬಿಸುತ್ತಿದ್ದಳು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಭಾನುವಾರವೂ ಅವಳ ಫೋನು ಬರುತ್ತಿತ್ತಲ್ಲ. ಎಷ್ಟು ನಿಷ್ಠೆ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ. ಅಂದು ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು.

ವರದಿಯನ್ನು ಹರಿದು ಹಾಕಿ ಹೊಸದು ಬರೆದೆ. ಒಂದೇ ಪುಟ. ಧನಿಗಳು ಎರಡು ಸಲ ಓದಿ ಕನ್ನಡಕ ತೆಗೆದರು. "ಹಾಗಾದ್ರೆ ಬಾಡಿಗೆಗೇ ಹೋಗುವನಾ, ಸದಾನಂದ?" ಎಂದು ಕೇಳಿದರು. ಹೌದು ಎಂದೆ. ಸರ್ವರನ್ನು ಟೆಂಪೋಗೆ ಹತ್ತಿಸಿದ ದಿನ ಗೇಟಿನವರೆಗೆ ಅದರ ಹಿಂದೆಯೇ ನಡೆದೆ. ಏಸಿ ಧನಿಗಳ ಕೋಣೆಗೆ ಹೋಯಿತು. ಊಟದ ನಂತರ ಈಗ ಅವರು ಅಲ್ಲಿ ಏನೋ ಆರೈಕೆ ಮಾಡುತ್ತಿರುತ್ತಾರೆ.

ಕ್ಲೌಡ್ ಒಂದು ದಿನವೂ ಮಲಗಲಿಲ್ಲ, ಆದ್ದರಿಂದ ಅದು ಎದ್ದಿದೆಯೇ ಎಂದು ಯಾರೂ ಕೇಳಲಿಲ್ಲ. ಎರಡು ತಿಂಗಳು ತಡೆದುಕೊಂಡೆ. ಒಂದು ಶುಕ್ರವಾರ ಬದಲಾಪುರದ ಮನೆಯಲ್ಲಿ ಕುಳಿತಿದ್ದವನು, ಎಲ್ಲ ಸರಿಯಿದೆಯೇ ಎಂದು ವಿಚಾರಿಸುವುದು ನನ್ನ ಕರ್ತವ್ಯವೆಂದು ನನಗೆ ನಾನೇ ಹೇಳಿಕೊಂಡು ತುರ್ಭೆಗೆ ಫೋನು ಮಾಡಿದೆ. ಶಕುಂತಲಾ ಎತ್ತಿದಳು.

"ಓ, ಸದಣ್ಣಾರ. ಎಲ್ಲಾ ಛಲೋ ನಡದೈತ್ರಿ. ಏನರ ಕೆಲಸ ಇತ್ತೇನ್ರಿ?"

ಏನು ಕೆಲಸವೆಂದು ಹೇಳಲಿ? ಅವಳು ಹೆಸರು ಹಿಡಿದು ಕರೆದ ಮೇಲೂ, ರಾಂಗ್ ನಂಬರ್ ಎಂದು ಹೇಳಿ ಫೋನು ಇಟ್ಟುಬಿಟ್ಟೆ.