ನೆಟ್ಟಗೆ ಬಾಗಿದ ಮಾನಿಟರು ಮತ್ತು ಭೈರಪ್ಪ ಇತ್ಯಾದಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಹೆಸರು ತಿದ್ದುಪಡಿ ಕೋಶಕ್ಕೆ ಕಳೆದ ವರ್ಷ ಏಪ್ರಿಲ್ ಒಂಬತ್ತನೇ ತಾರೀಕು ಒಂದು ಮಾನಿಟರು ಬಂದಿತು. ಅದು ನಾಲ್ಕು ಅಡಿ ಅಗಲವಿತ್ತು. ಅದು ಬಾಗಿತ್ತು. ಈ ಮೂರೂ ಸಂಗತಿಗಳು ಕಡತದಲ್ಲಿವೆ. ನಾನು ಪರಮೇಶ್, ಆ ಕೋಶದ ಪ್ರಥಮ ದರ್ಜೆ ಸಹಾಯಕ. ಸಭೆಗಳ ನಡವಳಿ ಬರೆಯುವುದು ನನ್ನ ಕೆಲಸವಾದ್ದರಿಂದ ಮುಂದಿನದೆಲ್ಲ ನಾನೇ ಕಂಡು ಬರೆದದ್ದು.

ಮಾನಿಟರು ಬೇಕೆಂದು ಕೇಳಿದವಳು ನಗ್ಮಾ. ಅವಳು ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್. ನಮ್ಮಲ್ಲಿ ಕಂಪ್ಯೂಟರ್ ಬರುವುದು ಅವಳೊಬ್ಬಳಿಗೇ. ಕೋಶದ ನಿಯಮ ಹನ್ನೊಂದರ ಪ್ರಕಾರ, ಯಾರದೇ ಹೆಸರು ತಿದ್ದುವಾಗ ಹಳೆಯ ರಿಜಿಸ್ಟರಿನ ಪುಟವನ್ನೂ ಹೊಸ ದಾಖಲೆಯನ್ನೂ ‘ಏಕಕಾಲದಲ್ಲಿ ಹಾಗೂ ಸಂಪೂರ್ಣವಾಗಿ’ ನೋಡಿರಬೇಕು. ಅವಳ ಹದಿನೈದು ಇಂಚಿನ ಪರದೆಯಲ್ಲಿ ಒಂದು ಪುಟ ಇಟ್ಟರೆ ಇನ್ನೊಂದರ ಅರ್ಧ ಹೊರಗೆ ಉಳಿಯುತ್ತಿತ್ತು. ಹಾಗಾಗಿ ಎರಡು ವರ್ಷದಿಂದ ಒಂದು ಹೆಸರೂ ತಿದ್ದುಪಡಿಯಾಗಿರಲಿಲ್ಲ. ಕೋಶ ನಿಯಮಬದ್ಧವಾಗಿ ನಡೆಯುತ್ತಿತ್ತು.

ನಗ್ಮಾ ‘ಅಗಲವಾದ ಪರದೆ ಒದಗಿಸಲು ಕೋರಿ’ ಎಂದು ಅರ್ಜಿ ಬರೆದಳು. ಮೂರು ತಿಂಗಳಿಗೆ ಕಿಟಕಿಗೆ ಹಾಕುವ ಹಸಿರು ಬಟ್ಟೆಯ ಪರದೆ ಬಂತು. ಅಗಲವಾಗಿಯೇ ಇತ್ತು. ‘ಕಂಪ್ಯೂಟರಿನ ಪರದೆ’ ಎಂದು ಮತ್ತೆ ಬರೆದಳು. ಕಂಪ್ಯೂಟರಿನ ಮೇಲೆ ಧೂಳು ಕೂರದಂತೆ ಹೊದಿಸುವ ಪರದೆ ಬಂತು, ಅಂಚಿಗೆ ಲೇಸು ಸಮೇತ. ಮೂರನೆಯ ಸಲ ಅವಳು, ‘ಮಾನಿಟರ್, ಸಿಗುವುದರಲ್ಲೆಲ್ಲ ಅತಿ ಅಗಲವಾದದ್ದು’ ಎಂದು ಬರೆದಳು. ಮೇಲಿನವರು ಈ ಸಲ ಅಕ್ಷರಶಃ ಪಾಲಿಸಿದರು.

ಅವಳಿಗೆ ಅವಸರವಿತ್ತು. ಜೂನ್ ಮೂವತ್ತಕ್ಕೆ ಅವಳ ಗುತ್ತಿಗೆ ಮುಗಿಯುತ್ತಿತ್ತು. ವರ್ಷದಲ್ಲಿ ಒಂದಾದರೂ ಹೆಸರು ತಿದ್ದಿದ್ದರೆ ಮಾತ್ರ ನವೀಕರಣ ಎಂಬ ಷರತ್ತು ಆ ವರ್ಷ ಹೊಸದಾಗಿ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದವರು ಭೈರಪ್ಪ.

ಭೈರಪ್ಪ ಆಯನೂರು ಕಡೆಯ ರೈತರು, ಅರವತ್ತು ದಾಟಿದವರು. ಅವರ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವಾಗ, ಬೆಳೆಯ ಕಾಲಮ್ಮಿನಲ್ಲಿದ್ದ ‘ಭತ್ತ, ಮೆಕ್ಕೆಜೋಳ, ಇತ್ಯಾದಿ’ ಎಂಬುದರ ಕೊನೆಯ ಪದ ಜಾರಿ ಬಂದು ಅವರ ಹೆಸರಿಗೆ ಅಂಟಿಕೊಂಡಿತ್ತು. ಅಂದಿನಿಂದ ಅವರು ಭೈರಪ್ಪ ಇತ್ಯಾದಿ. ಹೊಸ ಬಾವಿಯ ಪಂಪ್‌ಸೆಟ್ಟಿಗೆ ಕರೆಂಟು ಕೇಳಲು ಹೋದಾಗ ಅಲ್ಲಿಯವರು, “ಇದು ಜಂಟಿ ಖಾತೆ. ಇತ್ಯಾದಿಯವರ ಸಹೀನೂ ಬೇಕು,” ಎಂದಿದ್ದರು.

“ಇತ್ಯಾದಿ ಅಂತ ನಮ್ಮೂರಲ್ಲಿ ಯಾರೂ ಇಲ್ಲ ಮೇಡಂ,” ಎಂದು ಭೈರಪ್ಪ ನಮ್ಮ ಅಧೀಕ್ಷಕಿ ಪುಷ್ಪಮ್ಮನವರಿಗೆ ಹೇಳಿದರು.

“ಇಲ್ಲ ಅನ್ನೋದಕ್ಕೆ ದಾಖಲೆ ತನ್ನಿ,” ಎಂದರು ಪುಷ್ಪಮ್ಮ.

ಹನ್ನೊಂದು ತಿಂಗಳಿಂದ ಭೈರಪ್ಪ ಪ್ರತಿ ಮಂಗಳವಾರ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿಯನ್ನು ನಗ್ಮಾಳ ಮೇಜಿನ ಮೇಲೂ ಇಡುತ್ತಿದ್ದರು. “ಅವರು ಬೈದಿದ್ರೆ ಪರವಾಗಿರಲಿಲ್ಲ,” ಎಂದು ನಗ್ಮಾ ಒಮ್ಮೆ ನನ್ನ ಹತ್ತಿರ ಹೇಳಿದಳು.

ಮಾನಿಟರಿನ ಪೆಟ್ಟಿಗೆ ಒಡೆದವರು ಉಗ್ರಾಣ ನೋಡಿಕೊಳ್ಳುವ ಅಬ್ಬಾಸ್ ಅಲಿ. ಅವರು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು, ಕೊನೆಗೆ ಕನ್ನಡಕ ತೆಗೆದು ನೋಡಿದರು. ಸ್ಟಾಕ್ ರಿಜಿಸ್ಟರಿನ ‘ಸ್ಥಿತಿ’ ಕಾಲಮ್ಮಿನಲ್ಲಿ ‘ಬಾಗಿದೆ’ ಎಂದು ಬರೆದರು.

“ಚಾಚಾ, ಅದು ಇರೋದೇ ಹಾಗೆ. ಕರ್ವ್ಡ್ ಅಂತಾರೆ,” ಎಂದಳು ನಗ್ಮಾ.

“ನಮ್ಮ ಕಬ್ಬಿಣದ ಬೀರೂನೂ ಹೀಗೇ ಬಗ್ಗಿ ಬಂದಿತ್ತು ಬೇಟಿ. ಆಗ್ಲೂ ಅಂಗಡಿಯೋನು ಇರೋದೇ ಹಾಗೆ ಅಂದಿದ್ದ.”

ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಬಾಗಿದ ಸರ್ಕಾರಿ ಸ್ವತ್ತನ್ನು ನೆಟ್ಟಗೆ ಮಾಡಿಸದೆ ಬಳಸುವಂತಿಲ್ಲ. ನೆಟ್ಟಗೆ ಮಾಡುವ ಅನುಮೋದಿತ ಮೆಕ್ಯಾನಿಕ್ ನಮ್ಮ ಪಟ್ಟಿಯಲ್ಲಿ ಒಬ್ಬರೇ: ಭದ್ರಾವತಿಯ ಕಾಗದನಗರದ ಹತ್ತಿರ ವರ್ಕ್‌ಶಾಪ್ ಇಟ್ಟಿರುವ ಜಮ್ಶೀದ್. ಆದ್ದರಿಂದ ಒಂದು ಸಮಿತಿ ರಚಿಸಿಕೊಂಡು, ಕಚೇರಿಯ ಜೀಪಿನಲ್ಲಿ ಮಾನಿಟರು ಹೇರಿಕೊಂಡು ಸಕ್ರೆಬೈಲಿನ ಆನೆ ಬಿಡಾರದ ಮೂಲಕ ಭದ್ರಾವತಿಗೆ ಹೊರಟೆವು. ಭದ್ರಾವತಿ ಒಂದು ದಿಕ್ಕಿಗೆ, ಸಕ್ರೆಬೈಲು ಇನ್ನೊಂದು ದಿಕ್ಕಿಗೆ ಎಂಬ ಆಕ್ಷೇಪಣೆ ಆಮೇಲೆ ಬಂತು. ಪೆಟ್ಟಿಗೆಯ ಮೇಲೆ ‘ಸಹಜ ಬಣ್ಣಗಳು’ ಎಂದು ಅಚ್ಚಾಗಿತ್ತು. ಸಹಜವಾದ ಬಣ್ಣ ಯಾವುದೆಂದು ಸಮಿತಿ ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು, ಹಾಗಾಗಿ ಆನೆಗಳನ್ನು ನೋಡಿದೆವು. ಪುಷ್ಪಮ್ಮನವರ ಇಬ್ಬರು ಮೊಮ್ಮಕ್ಕಳು, ಸೊಸೆ ಮತ್ತು ಸೊಸೆಯ ತಂಗಿ ಸಾಕ್ಷಿಗಳಾಗಿ ಬಂದಿದ್ದರು. ಆನೆ ಬೂದುಬಣ್ಣದ್ದು ಎಂದು ಎಲ್ಲರೂ ಒಮ್ಮತದಿಂದ ಸಹಿ ಹಾಕಿದರು.

ಜಮ್ಶೀದ್ ಕೈ ಒರೆಸಿಕೊಂಡು ಬಂದು ಮಾನಿಟರಿಗೆ ದಾರ ಹಿಡಿದು ಅಳೆದರು. ಆಮೇಲೆ ಹಿಂದಕ್ಕೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದರು.

“ಸಾರ್, ಇದು ಬಗ್ಗಿರೋದಲ್ಲ. ಬಗ್ಗಿಸಿರೋದು.”

“ಎರಡಕ್ಕೂ ಏನು ವ್ಯತ್ಯಾಸ?” ಎಂದು ನಾನು ಕೇಳಿದೆ. ನಡವಳಿಗೆ ಬೇಕಾಗಿತ್ತು.

“ಬಗ್ಗಿರೋದಾದ್ರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇರುತ್ತೆ. ಇದು ಎರಡೂ ಕಡೆ ಸಮ ಇದೆ. ಇಪ್ಪತ್ತು ವರ್ಷದಿಂದ ಶಾಫ್ಟ್ ನೆಟ್ಟಗೆ ಮಾಡ್ತಿದೀನಿ ಸಾರ್. ಇಷ್ಟು ನೀಟಾಗಿ ಯಾವ ಆಕ್ಸಿಡೆಂಟೂ ಆಗಲ್ಲ.”

“ಹಾಗಂತ ಬರೆದು ಕೊಡ್ತೀರಾ?” ಎಂದರು ಪುಷ್ಪಮ್ಮ.

ಜಮ್ಶೀದ್ ಬರೆದು ಕೊಟ್ಟರು. ‘ಸದರಿ ಮಾನಿಟರು ನೆಟ್ಟಗೆ ಬಾಗಿದೆ’ ಎಂಬ ಆ ಪ್ರಮಾಣಪತ್ರವನ್ನು ನಾನು ಇಂದಿಗೂ ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಪ್ರಮಾಣಪತ್ರಕ್ಕೆ ಏಳು ದಿನ ಮಾತ್ರ ಮಾನ್ಯತೆ. ಹಾಗಾಗಿ ಬಾಗು ಕಡಿಮೆಯಾಗಿಲ್ಲ ಎಂದು ದೃಢೀಕರಿಸಲು ಅವರು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಬರಬೇಕಾಯಿತು. ಅವರ ವರ್ಕ್‌ಶಾಪಿಗೆ ರಜೆ ಮಂಗಳವಾರ. ಅವರೂ ಬಂದು ಭೈರಪ್ಪನವರ ಪಕ್ಕದಲ್ಲೇ ಕೂರತೊಡಗಿದರು.

ಇನ್ನು ಮೌಲ್ಯಮಾಪನ. ಪೆಟ್ಟಿಗೆಯ ಮೇಲೆ ‘ಗೇಮಿಂಗ್ ಮತ್ತು ಕೆಲಸಕ್ಕಾಗಿ’ ಎಂದು ಇಂಗ್ಲಿಷಿನಲ್ಲಿ ಇತ್ತು. ತಯಾರಕರು ಹೇಳಿಕೊಂಡ ಪ್ರತಿಯೊಂದು ಉಪಯೋಗವನ್ನೂ ಅವರು ಹೇಳಿಕೊಂಡ ಕ್ರಮದಲ್ಲೇ ಪರೀಕ್ಷಿಸಬೇಕು ಎಂಬುದು ನಿಯಮ. ಮೊದಲು ಆಟ, ಆಮೇಲೆ ಕೆಲಸ. ನೋಟಿಸ್ ಬೋರ್ಡಿನಲ್ಲಿ ನಾನು ಹೀಗೆ ಅಂಟಿಸಿದೆ:

‘ಸಾರ್ವಜನಿಕರ ಗಮನಕ್ಕೆ. ಏಪ್ರಿಲ್ 22ರಿಂದ ಕೋಶದಲ್ಲಿ ಬೆಳಿಗ್ಗೆ 10.30ರಿಂದ ಸಂಜೆ 5.30ರವರೆಗೆ ಆಟವಿರುತ್ತದೆ. ಆಟ ಮುಗಿದ ನಂತರ ಕೆಲಸ ಆರಂಭಿಸಲಾಗುವುದು. ಊಟದ ವಿರಾಮದಲ್ಲಿ ಆಟವಾಡುವುದನ್ನು ನಿಷೇಧಿಸಲಾಗಿದೆ.’

ಮೊದಲ ದಿನವೇ ತೊಡಕು ಬಂತು. ಪರದೆ ಸೆಕೆಂಡಿಗೆ ನೂರಾನಲವತ್ತನಾಲ್ಕು ಸಲ ತನ್ನನ್ನು ನವೀಕರಿಸಿಕೊಳ್ಳುತ್ತದೆ ಎಂದು ನಗ್ಮಾ ಕೈಪಿಡಿ ಓದಿ ಹೇಳಿದಳು.

“ಯಾರ ಅನುಮತಿ ತಗೊಂಡು?” ಎಂದು ಪುಷ್ಪಮ್ಮ ಕೇಳಿದರು.

ವಿವರವಾಗಿ ಚರ್ಚಿಸಿ, ಪುಷ್ಪಮ್ಮನವರ ನಿವೃತ್ತಿಯವರೆಗಿನ ಎಲ್ಲ ನವೀಕರಣಗಳಿಗೂ ಒಟ್ಟಾಗಿ ಮಂಜೂರಾತಿ ನೀಡಲಾಯಿತು. ತನ್ನ ಗುತ್ತಿಗೆಯನ್ನೂ ಅದರಲ್ಲೇ ಸೇರಿಸಬಹುದೇ ಎಂದು ನಗ್ಮಾ ಕೇಳಿದಳು. ಅದು ಬೇರೆ ಕಡತ.

ಅವಳು ಲಾರಿ ಓಡಿಸುವ ಒಂದು ಆಟ ಹಾಕಿದಳು. ಪರದೆಯ ನಡುವೆ ರಸ್ತೆ, ಎರಡು ತುದಿಗಳಲ್ಲಿ ಲಾರಿಯ ಕನ್ನಡಿಗಳು. ಬಾಗಿದ ಪರದೆ ಸುತ್ತ ಆವರಿಸಿಕೊಂಡು, ಮುಂದೆ ಕೂತರೆ ಲಾರಿಯ ಒಳಗೇ ಕೂತಂತಿತ್ತು. ಅಬ್ಬಾಸ್ ಅಲಿಯವರು ಮೊದಲ ತಿರುವಿನಲ್ಲೇ ಕುರ್ಚಿ ಹಿಡಿದುಕೊಂಡರು. ನಗ್ಮಾ ಎರಡು ಸಲ ಹಳ್ಳಕ್ಕೆ ಬಿದ್ದಳು.

“ಇಳಿಜಾರಲ್ಲಿ ಅಷ್ಟು ಜೋರು ಎಂತಕ್ಕೆ ಮಾರಾಯ್ತಿ,” ಎಂದು ಬೆಂಚಿನಿಂದ ಭೈರಪ್ಪ ಹೇಳಿದರು. “ಗೇರ್ ಇಳಿಸು. ಲೋಡ್ ಇದೆ ಹಿಂದೆ.”

“ನೀವೇ ಬನ್ನಿ ಅಜ್ಜ.”

ಆಟ ಬೇಗ ಮುಗಿದರೆ ತಮ್ಮ ಕೆಲಸ ಬೇಗ ಆಗುತ್ತದೆ ಎಂಬ ಲೆಕ್ಕದಲ್ಲಿ ಭೈರಪ್ಪ ಎದ್ದು ಬಂದರು. ಪರದೆ ಇಬ್ಬರಿಗಾಗುವಷ್ಟು ಅಗಲವಿದ್ದುದರಿಂದ, ಎಡಭಾಗವನ್ನು ಮಾತ್ರ ಪರೀಕ್ಷಿಸಿದರೆ ಬಲಭಾಗಕ್ಕೆ ಅನ್ಯಾಯವಾಗುತ್ತದೆ ಎಂದು ಸಮಿತಿ ಅಭಿಪ್ರಾಯಪಟ್ಟಿತು. ಬಲಭಾಗಕ್ಕೆ ಜಮ್ಶೀದ್ ಕೂತರು. ಎರಡು ಲಾರಿಗಳು ಒಟ್ಟಿಗೆ ಹೊರಟವು.

ಮೇ ತಿಂಗಳ ಹೊತ್ತಿಗೆ ಭೈರಪ್ಪ ವಾರಕ್ಕೆ ನಾಲ್ಕು ದಿನ ಬರುತ್ತಿದ್ದರು. ಜಮ್ಶೀದ್ ವರ್ಕ್‌ಶಾಪನ್ನು ಮಗನಿಗೆ ಒಪ್ಪಿಸಿ ಬರುತ್ತಿದ್ದರು. ಬೇರೆ ಅರ್ಜಿದಾರರೂ ಬಂದು ನಿಂತು ನೋಡತೊಡಗಿದರು. ಮುಂಚೆ ನಮ್ಮಲ್ಲಿ ಕೂಗಾಟವಿರುತ್ತಿತ್ತು. ಈಗ ಹಿಂದಿನವರು ಮುಂದಿನವರಿಗೆ “ಸ್ವಲ್ಪ ತಲೆ ತಗ್ಗಿಸಿ” ಎನ್ನುವುದು ಬಿಟ್ಟರೆ ದೂರೇ ಇರಲಿಲ್ಲ. ಕೋಶದ ಬಗ್ಗೆ ಮೊದಲ ಬಾರಿಗೆ ಒಂದು ಮೆಚ್ಚುಗೆ ಪತ್ರ ಬಂತು. ಬರೆದವರು ತಮ್ಮ ಹೆಸರನ್ನು ದಾಖಲೆಯಲ್ಲಿರುವಂತೆ ತಪ್ಪಾಗಿಯೇ ಬರೆದಿದ್ದರು.

ಆದರೆ ಆಟ ಮುಗಿಯಲಿಲ್ಲ. ಒಂದು ಲೋಡು ಇಳಿಸಿದರೆ ಇನ್ನೊಂದು ಲೋಡು ಬರುತ್ತಿತ್ತು. ಜೂನ್ ಇಪ್ಪತ್ತೆಂಟಕ್ಕೆ ನಗ್ಮಾ ಪುಷ್ಪಮ್ಮನವರ ಮೇಜಿನ ಮುಂದೆ ಹೋಗಿ ನಿಂತಳು.

“ಮೇಡಂ, ಇನ್ನೆರಡು ದಿನಕ್ಕೆ ನಾನು ಇಲ್ಲಿ ಇರಲ್ಲ. ನಾನು ಹೋದ್ರೆ ಇದನ್ನ ಆನ್ ಮಾಡೋರೂ ಇರಲ್ಲ. ಒಂದು ಗಂಟೆ ಕೆಲಸ ಮಾಡೋಕೆ ಬಿಡಿ.”

ಪುಷ್ಪಮ್ಮ ಆಟವನ್ನು ಒಂದು ಗಂಟೆ ಮುಂದೂಡಿ ಕೆಲಸದ ಪರೀಕ್ಷೆಗೆ ಅನುಮತಿ ಕೊಟ್ಟರು.

ನಗ್ಮಾ ಎಡಕ್ಕೆ ಹಳೆಯ ರಿಜಿಸ್ಟರಿನ ಪುಟ ತೆರೆದಳು, ಬಲಕ್ಕೆ ಹೊಸ ದಾಖಲೆ. ಎರಡೂ ಪೂರ್ತಿ ಕಂಡವು. ನಡುವೆ ಇನ್ನೂ ಜಾಗ ಉಳಿದಿತ್ತು. ‘ಇತ್ಯಾದಿ’ಯನ್ನು ಹೆಸರಿನಿಂದ ಎತ್ತಿ ಮೆಕ್ಕೆಜೋಳದ ಪಕ್ಕ ಇಟ್ಟಳು. ಅಬ್ಬಾಸ್ ಅಲಿಯವರು ಗಡಿಯಾರ ನೋಡಿ ಹೇಳಿದರು: ನಾಲ್ಕು ನಿಮಿಷ.

“ಒಂದು ಸಲ ಓದು ತಾಯಿ,” ಎಂದರು ಭೈರಪ್ಪ.

“ಭೈರಪ್ಪ.”

“ಅಷ್ಟೇನಾ?”

“ಅಷ್ಟೇ ಅಜ್ಜ.”

ಭೈರಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಜಮ್ಶೀದ್ ಅವರ ಬೆನ್ನು ತಟ್ಟಿದರು. ಹಿಂದೆ ನಿಂತಿದ್ದವರೆಲ್ಲ ತಮ್ಮ ತಮ್ಮ ಅರ್ಜಿ ಹೊರತೆಗೆದರು.

ಅಷ್ಟರಲ್ಲಿ ಪುಷ್ಪಮ್ಮನವರು ಕಾಗದದ ಮೇಲೆ ಏನೋ ಗುಣಿಸುತ್ತಿದ್ದರು. ಬಾಕಿ ಅರ್ಜಿಗಳು ಇನ್ನೂರ ಹನ್ನೆರಡು. ಒಂದಕ್ಕೆ ನಾಲ್ಕು ನಿಮಿಷ. ಅವರು ನನ್ನನ್ನೂ ಅಬ್ಬಾಸ್ ಅಲಿಯವರನ್ನೂ ಒಳಗೆ ಕರೆದರು.

“ಎರಡೂವರೆ ದಿನಕ್ಕೆ ಎಲ್ಲಾ ಮುಗಿಯುತ್ತೆ,” ಎಂದರು. “ಮೂರನೇ ದಿನದಿಂದ ಈ ಕೋಶದಲ್ಲಿ ನಾವು ಏನು ಮಾಡೋದು ಪರಮೇಶ್?”

ಅಬ್ಬಾಸ್ ಅಲಿಯವರಿಗೆ ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ನನಗೆ ಹದಿನೇಳು. ನಾವಿಬ್ಬರೂ ಮಾತಾಡಲಿಲ್ಲ. ಆ ಮೌನವನ್ನು ನಡವಳಿಯಲ್ಲಿ ‘ಸರ್ವಾನುಮತದಿಂದ’ ಎಂದು ಬರೆದೆ.

ಪರೀಕ್ಷೆಯ ಕಾಲದಲ್ಲಿ ಮಾಡಿದ ಬದಲಾವಣೆ ಪರೀಕ್ಷೆಗಷ್ಟೇ ಸೀಮಿತ ಎಂದು ತಿಳಿಸಿ, ಇತ್ಯಾದಿಯನ್ನು ಮರಳಿ ಭೈರಪ್ಪನವರ ಹೆಸರಿಗೆ ಸೇರಿಸಲಾಯಿತು. ಅದಕ್ಕೆ ಮೂರೇ ನಿಮಿಷ ಸಾಕಾಯಿತು. ವರದಿಯಲ್ಲಿ, ‘ಸದರಿ ಮಾನಿಟರು ಆಟಕ್ಕೆ ಅತ್ಯುತ್ತಮ. ಕೆಲಸವನ್ನು ಮುಗಿಸಿಬಿಡುವ ದೋಷವಿರುವುದರಿಂದ ಕೆಲಸಕ್ಕೆ ಅಯೋಗ್ಯ’ ಎಂದು ದಾಖಲಿಸಲಾಯಿತು.

ನಗ್ಮಾ ಕೀಬೋರ್ಡನ್ನು ದೂರ ತಳ್ಳಿದಳು. ಭೈರಪ್ಪನವರೇ ಅವಳಿಗೆ ಸಮಾಧಾನ ಹೇಳಿದರು. “ಹೋಗ್ಲಿ ಬಿಡಮ್ಮ. ಒಂದು ಹತ್ತು ನಿಮಿಷ ಒಬ್ಬನೇ ಇದ್ದೆನಲ್ಲ.”

ಜಮ್ಶೀದ್ ಭೈರಪ್ಪನವರ ಕಡೆ ತಿರುಗಿದರು. “ಗೌಡ್ರೇ, ಆ ಇತ್ಯಾದಿ ಸೈನ್ ಹಾಕಿದ್ರೆ ಕರೆಂಟ್ ಬರುತ್ತಾ?”

“ಬರುತ್ತೆ ಅಂದಿದಾರೆ.”

“ಹಾಗಾದ್ರೆ ನಾನು ಹಾಕ್ತೀನಿ. ಎರಡು ತಿಂಗಳಿಂದ ನಿಮ್ಮ ಪಕ್ಕದಲ್ಲೇ ಲಾರಿ ಓಡಿಸ್ತಿಲ್ವಾ? ಇತ್ಯಾದಿ ಅಂದ್ರೆ ಇನ್ನೇನು, ಜೊತೆಗಿರೋನು ತಾನೆ.”

ಭೈರಪ್ಪ ಅವರ ಮುಖವನ್ನೇ ನೋಡಿದರು. “ನೀನು ಎಂತ ಮಾರಾಯ,” ಎಂದು ಅವರ ಕೈ ಹಿಡಿದುಕೊಂಡರು.

ಇದರಲ್ಲಿ ಪುಷ್ಪಮ್ಮನವರಿಗೆ ಆಕ್ಷೇಪಣೆ ಕಾಣಲಿಲ್ಲ. ಹೆಸರು ತಿದ್ದಲು ಎರಡು ದಾಖಲೆ ನೋಡಬೇಕು. ಹೊಸ ಹೆಸರು ಕೊಡಲು ಏನನ್ನೂ ನೋಡಬೇಕಾಗಿಲ್ಲ. ‘ಜಮ್ಶೀದ್ ಅಲಿಯಾಸ್ ಇತ್ಯಾದಿ’ ಎಂಬ ಪ್ರಮಾಣಪತ್ರ ಸಂಜೆಯೊಳಗೆ ತಯಾರಾಯಿತು. ಮರುದಿನ ಕರೆಂಟಿನವರು ಇಬ್ಬರನ್ನೂ ಕೂರಿಸಿ ಟೀ ಕೊಟ್ಟು, “ಇಷ್ಟು ದಿನ ಎಲ್ಲಿ ಹೋಗಿದ್ರಿ ಇತ್ಯಾದಿಯವರೇ,” ಎಂದು ವಿಚಾರಿಸಿದರಂತೆ. ಜಮ್ಶೀದ್ “ಭದ್ರಾವತಿಯಲ್ಲಿದ್ದೆ” ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ವಾರದೊಳಗೆ ಪಂಪು ನೀರೆತ್ತಿತು. ಬಾವಿಯಲ್ಲಿ ಜಮ್ಶೀದರಿಗೂ ಪಾಲು ಎಂದು ಭೈರಪ್ಪ ಹಟ ಹಿಡಿದಿದ್ದಾರೆ.

ಈ ವಿಷಯ ಹಬ್ಬಿ, ಬಾಕಿ ಅರ್ಜಿದಾರರಲ್ಲಿ ಬಹಳಷ್ಟು ಜನ ತಿದ್ದುಪಡಿ ಬೇಡವೆಂದು, ತಮ್ಮ ತಪ್ಪು ಹೆಸರಿಗೆ ತಕ್ಕ ಮನುಷ್ಯರನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಹೆಚ್ಚಿನವರು ನಮ್ಮ ಬೆಂಚಿನ ಮೇಲೇ ಸಿಗುತ್ತಾರೆ.

ಜೂನ್ ಮೂವತ್ತರ ಮಧ್ಯಾಹ್ನ ನಗ್ಮಾ ತನ್ನ ಬ್ಯಾಗು, ನೀರಿನ ಬಾಟಲಿ ಜೋಡಿಸಿಕೊಳ್ಳುತ್ತಿದ್ದಾಗ ಪುಷ್ಪಮ್ಮ ಅವಳನ್ನು ಕರೆದು ಒಂದು ಆದೇಶ ಕೈಗಿತ್ತರು. ಡಾಟಾ ಎಂಟ್ರಿಯ ಗುತ್ತಿಗೆ ರದ್ದಾಗಿತ್ತು. ಅದರ ಬದಲು ‘ಆಟ ನಿರ್ವಾಹಕಿ’ ಎಂಬ ಹೊಸ ಹುದ್ದೆ, ಪೂರ್ತಿ ಸಂಬಳ, ಪಿಂಚಣಿ ಸಹಿತ. ನಗ್ಮಾ ಅದನ್ನು ನಿಂತಲ್ಲೇ ಎರಡು ಸಲ ಓದಿದಳು.

“ಮತ್ತೆ ಅರ್ಜಿಗಳು, ಮೇಡಂ?”

“ಆಟ ಮುಗಿದ ಮೇಲೆ ನೋಡೋಣ.”

“ಈ ಆಟ ಮುಗಿಯೋದೇ ಇಲ್ಲ ಮೇಡಂ.”

“ಗೊತ್ತಮ್ಮ,” ಎಂದರು ಪುಷ್ಪಮ್ಮ, ತಾಯಿಯ ಹಾಗೆ. “ಅದಕ್ಕೇ ಕಾಯಂ ಹುದ್ದೆ ಮಾಡಿಸಿದ್ದು.”

ನಗ್ಮಾ ಸಹಿ ಹಾಕಿದಳು. ಹೊರಗೆ ಬೆಂಚಿನಿಂದ ಯಾರೋ, ಊಟದ ವಿರಾಮ ಮುಗಿದು ಎರಡು ನಿಮಿಷವಾಯಿತು, ಸರ್ಕಾರಿ ಸಮಯ ಹಾಳಾಗುತ್ತಿದೆ ಎಂದು ನೆನಪಿಸಿದರು. ಅವಳು ಹೋಗಿ ಲಾರಿ ಸ್ಟಾರ್ಟ್ ಮಾಡಿದಳು.