ಛತ್ರದಲ್ಲೊಂದು ಮಂತ್ರಿ ಕೋಣೆ

ಪುಕ್ಕಟೆ ಸೇವೆ ಮಾಡುವವರಿಗೆ ಪುಣ್ಯ ಸಿಗುತ್ತದೋ ಇಲ್ಲವೋ, ನಗುವ ಪ್ರಸಂಗಗಳಂತೂ ಮನೆ ಹುಡುಕಿಕೊಂಡು ಬರುತ್ತವೆ. ಇಪ್ಪತ್ತೆರಡನೇ ವಯಸ್ಸಿಗೇ ಒಂದು ಧರ್ಮಛತ್ರದ ಟ್ರಸ್ಟಿಯಾದ ನನಗೆ ಇದು ಅನುಭವದ ಮಾತು. ಎಪ್ಪತ್ತರ ದಶಕದ ಕೊನೆಯ ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಕಣ್ಣೆವೆ ತಾನಾಗಿ ಇಳಿಯುತ್ತದೆ, ಹೊಳೆಯ ಗಾಳಿ ಬೀಸಿದ ಹಾಗಾಗುತ್ತದೆ.

ಎರಡು ಜಾಗಕ್ಕೆ ಒಬ್ಬಳು

ಛತ್ರ ಇದ್ದದ್ದು ಹೊನ್ನಾಳಿಯಲ್ಲಿ, ಹೊಳೆಗೆ ಹತ್ತಿರ. ಅಧ್ಯಕ್ಷರು ಚನ್ನಗಿರಿಯ ಅಡಿಕೆ ವ್ಯಾಪಾರಿ. ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ತರು. ಉಳಿದ ಇಬ್ಬರು ಹಿರಿಯರು ಸಭೆಗೆ ಬಂದು ಹೋಗುವುದೇ ದೊಡ್ಡ ಸೇವೆ ಎಂದು ತಿಳಿದವರು. ಟ್ರಸ್ಟಿನಲ್ಲಿ ಒಬ್ಬ ಮಹಿಳೆ, ಒಬ್ಬ ಯುವಕ ಇರಲೇಬೇಕೆಂದು ಯಾರೋ ಮೇಲಿನವರು ಹೇಳಿದರಂತೆ. ಅಧ್ಯಕ್ಷರು ನ್ಯಾಮತಿಯ ನಮ್ಮ ಮನೆಗೆ ಬಂದರು. ಅವರೂ ಅಪ್ಪನೂ ಹಳೆಯ ಸ್ನೇಹಿತರು.

ನಾನಾಗ ಬಿ.ಎ. ಮುಗಿಸಿ, ಮುಂದೇನು ಎಂದು ತಿಳಿಯದೆ, ಕಿಟಕಿಯಲ್ಲಿ ಕೂತು ಮೋಡ ನೋಡುತ್ತಿದ್ದೆ. ಹಾಗೆ ನೋಡುವುದರಲ್ಲಿ ನನಗೆ ಬಹಳ ಸುಖವಿತ್ತು, ಸುಳ್ಳೇಕೆ ಹೇಳಲಿ.

"ನಿಮ್ಮ ಹುಡುಗಿ ಏನ್ ಮಾಡ್ತೈತ್ರಿ ಈಗ?" ಎಂದು ಅಧ್ಯಕ್ಷರು ಕೇಳಿದರು.

"ಏನಿಲ್ರಿ, ಹಿಂಗೇ ಕುಂತಿರ್ತೈತೆ," ಎಂದರು ಅಪ್ಪ.

"ನಮ್ಮ ಟ್ರಸ್ಟ್‌ನಾಗೂ ಅದೇ ಕೆಲಸ. ಕಳಿಸ್ರಿ. ಹೆಣ್ಣಿನ ಜಾಗನೂ ತುಂಬತೈತೆ, ಯುವಕರ ಜಾಗನೂ ತುಂಬತೈತೆ. ಒಂದು ಲೋಟ ಚಾ ಉಳೀತೈತೆ!"

ಬಾಯಿ ಬಿಡದ ಸಭೆ

ಮೊದಲ ಸಭೆಗೆ ಹೋದ ದಿನವೇ ನನ್ನ ಮನಸ್ಸು ಕಲಕಿತು. ಛತ್ರದ ಮುಂದಿನ ಬೇವಿನ ಮರದ ಕೆಳಗೆ ಹೆಂಗಸರು ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು. ಪಕ್ಕದ ಆಸ್ಪತ್ರೆಗೆ ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಕರೆತಂದವರು. ಒಳಗೆ ಗಂಡಸರು ಸಾಲಾಗಿ ಮಲಗುವ ಪಡಸಾಲೆಯಲ್ಲಿ ಅವರು ಹೇಗೆ ತಂಗಬೇಕು? ಇದ್ದ ಒಂದೇ ಒಂದು ಕೋಣೆಗೆ ಬೀಗ. ಕಿಟಕಿಯ ಸಂದಿಯಿಂದ ಇಣುಕಿದೆ. ಮಂಚ, ಹೂವಿನ ಚಾದರ, ಸೊಳ್ಳೆಪರದೆ, ನಿಲುವುಗನ್ನಡಿ! ಮಂತ್ರಿಗಳು ಬಂದರೆ ಇರಲಿ ಎಂದು ವರ್ಷಗಳಿಂದ ಕಾದಿಟ್ಟ ಕೋಣೆಯಂತೆ. ಮಂತ್ರಿಯಿರಲಿ, ಮಂತ್ರಿಯ ಡ್ರೈವರೂ ಬಂದಿರಲಿಲ್ಲ.

ಆ ಕೋಣೆ ಹೆಂಗಸರಿಗೆ ಸಿಗಬೇಕು ಎಂಬುದೊಂದೇ ನನಗೆ ಹಿಡಿದ ಗೀಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದರೆ ಸಾಕು, ಅಲ್ಲಿ ಯಾರೋ ಅಜ್ಜಿ ಕಾಲು ಚಾಚಿ ಮಲಗಿದಂತೆ, ಕಿಟಕಿಯ ಸರಳಿಗೆ ಒದ್ದೆ ಸೀರೆ ಹರಡಿದಂತೆ ಕಾಣುತ್ತಿತ್ತು. ಎಷ್ಟೋ ಸಲ ಇಳಿಯುವ ಸ್ಟಾಪು ದಾಟಿ ಹೋಗಿದ್ದೇನೆ.

ನಮ್ಮ ಸಭೆಗೊಂದು ಪದ್ಧತಿಯಿತ್ತು. ಮೊದಲು ಎಲೆ ಅಡಿಕೆ ತಟ್ಟೆ ಬರುತ್ತಿತ್ತು. ಅಧ್ಯಕ್ಷರಿಗೆ ಜೊತೆಗೆ ಹೊಗೆಸೊಪ್ಪೂ ಬೇಕು. ಎಲ್ಲರ ಬಾಯಿ ತುಂಬಿದ ಮೇಲೆ ಕಾರ್ಯದರ್ಶಿಗಳು ವಿಷಯ ಓದುವರು. ಬೇಡ ಅನ್ನುವವರು ಬಾಯಿ ಬಿಟ್ಟು ಹೇಳಬೇಕು, ಸುಮ್ಮನಿದ್ದವರು ಒಪ್ಪಿದಂತೆ. ಒಳ್ಳೆ ರಸ ಇಳಿಯುವ ಹೊತ್ತಿನಲ್ಲಿ ಯಾರು ಎದ್ದು ಉಗುಳಿ ಬರುತ್ತಾರೆ? ಎಲ್ಲವೂ ಸರ್ವಾನುಮತ.

ಗುಟ್ಟು ತಿಳಿದ ನಾನು ಸಮಯ ನೋಡಿ, "ಆ ಕೋಣೆ ಹೆಂಗಸರಿಗೆ ಕೊಡೋಣ," ಎಂದೆ. ಅಧ್ಯಕ್ಷರು ಗಂಭೀರವಾಗಿ ಎದ್ದರು. ಅಂಗಳಕ್ಕೆ ಹೋದರು. ಉಗುಳಿದರು. ಬಾಯಿ ಮುಕ್ಕಳಿಸಿದರು. ವಾಪಸು ಬಂದು, "ಬ್ಯಾಡ," ಎಂದು ಕೂತು ಹೊಸ ಎಲೆಗೆ ಸುಣ್ಣ ಹಚ್ಚಿದರು.

ನಾನೂ ಬಿಡಲಿಲ್ಲ. ಪ್ರತಿ ಸಭೆಯಲ್ಲೂ ನಾನು ಕೇಳುವುದು, ಅವರು ಎದ್ದು ಹೋಗುವುದು. ಕೊನೆಗೊಮ್ಮೆ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು ಬೇಡಿಕೊಂಡರು: "ತಾಯಿ, ಕೋಣೆ ವಿಷಯ ಎತ್ತಾಕೆ ಮುಂಚೆ ನಂಗೊಂದು ಮಾತು ಹೇಳು. ಅಂಗಳದಾಗೆ ನನ್ನ ಸೈಕಲ್ ಇರತೈತೆ!"

ಜಗಳೂರಿನ ಬೆಂಚು

ಒಂದು ಸಭೆಯಲ್ಲಿ ನನಗೆ ಜೊಂಪು ಹತ್ತಿತು. ಸುಮ್ಮನಿದ್ದವರು ಒಪ್ಪಿದಂತೆ ತಾನೆ? ಕಣ್ಣು ಬಿಟ್ಟಾಗ ಜಗಳೂರಿಗೆ ಹೋಗಿ ದಾನಿಯೊಬ್ಬರಿಂದ ಬೆಂಚು ತರುವ ಹೊಣೆ ನನ್ನ ತಲೆಗೆ ಬಂದಿತ್ತು. ಕೋಣೆ ಸಿಗದಿದ್ದರೆ ಮರದ ಕೆಳಗೆ ಬೆಂಚಾದರೂ ಸಿಗಲಿ ಎಂದು ಹೊರಟೆ.

ಬೆಂಚಿನ ಒರಗುವ ಹಲಗೆಯ ತುಂಬ ಆ ದಾನಿಯ ಹೆಸರು, ಕೆಂಪು ಅಕ್ಷರದಲ್ಲಿ. ಆ ಬೆಳಿಗ್ಗೆಯೇ ಬರೆಸಿದ್ದು. ಬೆಂಚಿನ ಜೊತೆ ಸ್ವತಃ ದಾನಿಗಳೂ ಲಾರಿ ಹತ್ತಿ ಹೊನ್ನಾಳಿಗೆ ಬಂದರು. ಅಧ್ಯಕ್ಷರು ಬಿಳೀ ಅಂಗಿಯಲ್ಲಿ ಬಂದು, ಚಪ್ಪಾಳೆಯ ನಡುವೆ ಕೂತು, ಆರಾಮಾಗಿ ಒರಗಿ ಉದ್ಘಾಟನೆ ಮಾಡಿದರು. ಎದ್ದಾಗ ಹೆಸರು ಬೆಂಚಿನಲ್ಲಿರಲಿಲ್ಲ. ಅವರ ಬೆನ್ನಿನಲ್ಲಿತ್ತು, ಹಿಂದುಮುಂದಾಗಿ.

ಬಣ್ಣ ಇನ್ನೊಮ್ಮೆ ಹಚ್ಚಿಸುತ್ತೇನೆ ಎಂದು ದಾನಿಗಳಿಗೆ ಕೈ ಮುಗಿದೆ. ಅವರು ಅಧ್ಯಕ್ಷರ ಬೆನ್ನನ್ನೇ ಪ್ರೀತಿಯಿಂದ ನೋಡುತ್ತ ಹೇಳಿದರು: "ಇರಲಿ ಬಿಡವ್ವ. ಬೆಂಚು ಬಿದ್ದಲ್ಲೇ ಬಿದ್ದಿರತೈತೆ. ಅಧ್ಯಕ್ಷರಾದ್ರೆ ನಾಕೂರು ತಿರುಗ್ತಾರೆ!"

ಕೊನೆಗೂ ತೆರೆದ ಕೋಣೆ

ಇನ್ನೊಂದು ದಿನ ಸಭೆ ಆಗಷ್ಟೇ ಬಾಯಿ ತುಂಬಿಕೊಂಡಿತ್ತು. ಸವಳಂಗದ ಕಡೆಯ ತುಂಬು ಬಸುರಿಯೊಬ್ಬಳು ತಾಯಿಯ ಜೊತೆ ಬಸ್ಸಿಳಿದು ಆಸ್ಪತ್ರೆಗೆ ನಡೆದು ಹೊರಟವಳು, ನೋವು ಜೋರಾಗಿ ನಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಇನ್ನೊಂದು ಹೆಜ್ಜೆ ಇಡುವ ಸ್ಥಿತಿಯಿರಲಿಲ್ಲ. ಹೊರಗೆ ಹೋಗಿ ನೋಡಿದ ನಾನು ಸಭೆಗೆ ಓಡಿಬಂದು, "ಕೋಣೆ ತೆಗೀರಿ!" ಎಂದು ಕೂಗಿದೆ.

ಅಧ್ಯಕ್ಷರು ಎಂದಿನಂತೆ ಎದ್ದರು. ಅಂಗಳದ ಕಡೆ ನಡೆದರು. ನನಗೆ ಅಳುವೇ ಬಂತು. ಉಗುಳಿ ಬಂದು ಏನು ಹೇಳುತ್ತಾರೆಂದು ಗೊತ್ತಿತ್ತಲ್ಲ! ಆದರೆ ಮೆಟ್ಟಿಲ ಮೇಲಿದ್ದ ಹುಡುಗಿ ಅವರ ಪಂಚೆಯ ಚುಂಗು ಹಿಡಿದು, "ಯಪ್ಪಾ..." ಎಂದಳು.

ಅಪ್ಪಾ ಎಂದವಳ ಮುಂದೆ ಉಗುಳುವುದು ಹೇಗೆ? ಅಧ್ಯಕ್ಷರು ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಲ್ಲವನ್ನೂ ಗುಟುಕ್ಕನೆ ನುಂಗಿದರು. ಉಡಿದಾರಕ್ಕೆ ಕಟ್ಟಿದ್ದ ಕೋಣೆಯ ಕೀಲಿ ಕಿತ್ತು ನನ್ನ ಕೈಗೆ ತುರುಕಿ, "ತೆಗಿಯವ್ವ, ಜಲ್ದಿ!" ಎಂದರು. ಆಮೇಲೆ ಹೊಗೆಸೊಪ್ಪು ತನ್ನ ಪ್ರತಾಪ ತೋರಿಸಿತು. ಕಣ್ಣು ಕತ್ತಲೆ ಬಂದು, ಹೊಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ಉರುಳಿದರು.

ಸುದ್ದಿ ತಿಳಿದು ಆಸ್ಪತ್ರೆಯಿಂದ ಓಡಿಬಂದ ನರ್ಸಮ್ಮ ಒಳಗಿನ ನರಳಾಟ ಕೇಳಿದಳು, ಹೊರಗಿನ ನರಳಾಟವನ್ನೂ ಕೇಳಿದಳು. "ಮೊದಲು ಯಾರದ್ರಿ ಹೆರಿಗೆ?" ಎಂದಳು.

ಹೂವಿನ ಚಾದರದ ಮೇಲೆ ಹೆಣ್ಣುಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ನಾನು ಆ ಬಾಗಿಲಿಗೆ ಒರಗಿ ನಿಂತು ಸುಮ್ಮನೆ ಅತ್ತೆ. ಕಿಟಕಿಯ ಸರಳಿಗೆ ಯಾರೋ ಒದ್ದೆ ಸೀರೆ ಹರಡಿದ್ದರು. ಹೊಳೆಯ ಗಾಳಿಗೆ ಅದು ನಿಧಾನವಾಗಿ ಉಬ್ಬಿ ಇಳಿಯುತ್ತಿತ್ತು. ಇದು ಬಸ್ಸಿನಲ್ಲಿ ಕಂಡದ್ದೋ, ನಿಜವಾಗಿ ಕಾಣುತ್ತಿರುವುದೋ ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ.

ಬಾಣಂತಿಯನ್ನು ಅಲ್ಲಿಂದ ಏಳಿಸುವ ಮಾತನ್ನು ಯಾರೂ ಆಡಲಿಲ್ಲ. ಎರಡು ದಿನ ಬಿಟ್ಟು ಅಧ್ಯಕ್ಷರು ಚನ್ನಗಿರಿಯಿಂದ ಬಂದರು, ಕೈಯಲ್ಲೊಂದು ಪುಟ್ಟ ಕುಲಾವಿ. ಕೂಸಿನ ತಲೆಗೆ ಅದನ್ನು ಹಾಕಿಸಿ, ಬಾಗಿಲ ಹೊರಗೆ ಕುರ್ಚಿ ಎಳೆದುಕೊಂಡು ಕೂತರು.

ಅಷ್ಟರಲ್ಲಿ ಛತ್ರದ ಮುಂದೆ ಕಾರು ನಿಂತಿತು. ಹಿಂದೊಂದು ಜೀಪು. ಇಳಿದವರು ನಿಜವಾದ ಮಂತ್ರಿಗಳು! ದಾರಿಯಲ್ಲಿ ತಲೆನೋವು ಬಂದು, ಅರ್ಧ ತಾಸು ಒರಗಲು ಜಾಗ ಹುಡುಕಿ ಬಂದಿದ್ದರು. ಕಾರ್ಯದರ್ಶಿಗಳ ಬಾಯಿಂದ ಎಲೆ ಅಡಿಕೆ ತಾನಾಗಿ ಉದುರಿತು. ಸಿಕ್ಕ ಕೋಣೆ ಹೋಯಿತು ಎಂದುಕೊಂಡೆ.

"ಇಲ್ಲೊಂದು ಒಳ್ಳೇ ಕೋಣೆ ಇದೆಯಂತಲ್ಲ?" ಎಂದು ಮಂತ್ರಿಗಳು ದೊಡ್ಡ ದನಿಯಲ್ಲಿ ಕೇಳಿದರು.

ಅಧ್ಯಕ್ಷರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಎರಡೂ ಕೈ ಜೋಡಿಸಿ, ಕೂಸಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು:

"ಸ್ವಲ್ಪ ಮೆತ್ತಗೆ ಮಾತಾಡ್ರಿ ಸಾರ್, ಈಗಷ್ಟೇ ಮಲಗೈತೆ. ಅಲ್ರೀ, ಹಿಂಗೆ ಹೇಳದೇ ಕೇಳದೇ ಬಂದ್ರೆ ನಾವು ಕೋಣೆ ಎಲ್ಲಿಂದ ತರಾದು?"