ಕೆಂಚಮ್ಮ ಎಂಬ ಕೂಸು

ಹೆಸರಿಡುವುದು ಹೆತ್ತವರ ಹಕ್ಕು ಎಂದು ತಿಳಿದವರು ನಮ್ಮ ಮನೆಗೆ ಒಮ್ಮೆ ಬಂದು ಹೋಗಬೇಕು. ಅಣ್ಣನಿಗೆ ಮಗಳು ಹುಟ್ಟಿದ ಸುದ್ದಿ ಅತ್ತಿಗೆಯ ತವರು ಹಾನುಬಾಳಿನಿಂದ ಫೋನಿನಲ್ಲಿ ಬಂದ ಸಂಜೆಯೇ ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಅವ್ವನೇ ಬಂದವ್ಳೆ. ಕೆಂಚಮ್ಮ ಅಂತ್ಲೇ ಇಡೋದು" ಎಂದುಬಿಟ್ಟರು. ಅವ್ವ ಎಂದರೆ ಅಪ್ಪನ ತಾಯಿ, ನನ್ನ ಅಜ್ಜಿ ಕೆಂಚಮ್ಮ. ತೀರಿಕೊಂಡು ವರ್ಷ ತುಂಬಿತ್ತಷ್ಟೆ. ಅಜ್ಜಿಯ ಗತ್ತು ಎಂಥದೆಂದರೆ, ಆಕೆ ಹೋದ ಮೇಲೂ ಜಗಲಿಯಲ್ಲಿ ಆಕೆಯ ಮೂಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ.

ನಾನಾಗ ಡಿಗ್ರಿ ಓದುತ್ತಿದ್ದೆ, ದಿನಚರಿ ಬರೆಯುವ ಚಟವಿತ್ತು. ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ ಎಲ್ಲಕ್ಕೂ ಲೆಕ್ಕವಿಡುವವಳು ಇಂಥ ವಿಷಯ ಬಿಡುತ್ತೇನೆಯೇ? ಪುಟದ ನಡುವೆ ಗೆರೆ ಎಳೆದು, ಒಂದು ಕಡೆ 'ಬೇಕು', ಇನ್ನೊಂದು ಕಡೆ 'ಬೇಡ' ಎಂದು ಬರೆದು ಕಂಡವರನ್ನೆಲ್ಲ ಕೇಳಿದೆ. ಅತ್ತಿಗೆ ಸಿಂಚನ ಎಂದು ಮೊದಲೇ ಆರಿಸಿಟ್ಟುಕೊಂಡಿದ್ದರು. ಸ್ಕೂಲಿನಲ್ಲಿ ಕೆಂಚಮ್ಮ ಎಂದು ಹಾಜರಿ ಕೂಗುವಾಗ ಮಗು ಬೆಂಚಿನಡಿ ಬಚ್ಚಿಟ್ಟುಕೊಳ್ಳುತ್ತದೆ ಎಂದು ಕಣ್ಣೀರಿಟ್ಟರು. ಆನೇಮಹಲಿನ ಚಿಕ್ಕಮ್ಮ, ಹೆಸರೇನೋ ಇರಲಿ, ಕರೆಯಲು ಕೆಂಚು ಎನ್ನೋಣ ಎಂದರು. ಅಣ್ಣನಿಗೆ ಅದು ನಾಯಿಮರಿಯನ್ನು ಕರೆದ ಹಾಗೆ ಕೇಳಿಸಿತು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಕೆನ್ನಿ ಎಂದರೆ ಬೆಂಗಳೂರಿನವರೂ ತಲೆದೂಗುತ್ತಾರೆ ಎಂದರು. ಒಟ್ಟಿನಲ್ಲಿ ಮಗುವಿಗಿಂತ ಹೆಸರಿನ ತೂಕವೇ ಹೆಚ್ಚಾಗಿತ್ತು.

ಅಮ್ಮನನ್ನು ಮಾತ್ರ ಯಾವ ಕಡೆ ಬರೆಯುವುದೆಂದು ತಿಳಿಯಲಿಲ್ಲ. ಸೊಸೆ ಅತ್ತೆಯ ಹೆಸರು ಹೇಳಬಾರದೆಂಬುದು ನಮ್ಮಲ್ಲಿನ ಪದ್ಧತಿ. ಅಮ್ಮ ಮದುವೆಯಾಗಿ ಬಂದಾಗಿನಿಂದ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಜನಗಣತಿಯವರು ಕೇಳಿದಾಗಲೂ ಜಗಲಿಯತ್ತ ಕೈ ತೋರಿಸಿದ್ದರು. ನಾನು ಒತ್ತಾಯಿಸಿದಾಗ, "ಆ ಹೆಸ್ರೇ ಇಡ್ಲಿ ಬುಡು. ಆದ್ರೆ ನನ್ ಮೊಮ್ಮಗಳ್ನ ನಾನು ಏನಂತ ಕರೀಲೇ?" ಎಂದರು. ಮೊದಲ ಮೊಮ್ಮಗು, ಹಗಲೆಲ್ಲ ಆಡಿಸಬೇಕಾದವರು ಅವರೇ. ನಾನು ಪೆನ್ನು ಮುಚ್ಚಿದೆ.

ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಕೆಲಸ, ಅಂದರೆ ನನ್ನದೇ. ಅಪ್ಪನ ಕಣ್ಣು ನನ್ನ ತುಟಿಯ ಮೇಲಿತ್ತು, ಅತ್ತಿಗೆಯ ಕಣ್ಣೂ. ಧೈರ್ಯ ಸಾಲದೆ ಕೆಂಚಮ್ಮ ಎಂದೇ ಉಸುರಿದೆ. ಮಗು ಆಕಳಿಸಿತು. ಅಂದಿನಿಂದ ಅತ್ತಿಗೆಗೆ ಅದು ಸಿಂಚು, ಅಣ್ಣನಿಗೆ ಪುಟ್ಟಿ, ಅಪ್ಪನಿಗೆ ಅವ್ವ. ಅಮ್ಮ ಮಾತ್ರ ಅಪ್ಪನನ್ನು ಕರೆಯುವ ಹಾಗೆಯೇ ಮಗುವನ್ನೂ ಗಂಟಲು ಸರಿಮಾಡಿಕೊಂಡು ಕರೆಯುತ್ತಾ ಕಾಲ ತಳ್ಳಿದರು.

ಮಗು ಅಂಬೆಗಾಲಿಡತೊಡಗಿದ ಮೇಲೆ ಒಂದು ಬೆಳಿಗ್ಗೆ, ದಿನಚರಿಯಲ್ಲಿ ಗುರುವಾರ ಎಂದಿದೆ, ಬಚ್ಚಲೊಲೆಯ ಕೆಂಡದ ಕಡೆ ಹೊರಟಿತು. ದೂರದಲ್ಲಿದ್ದ ಅಮ್ಮ, "ಕೆಂಚಮ್ಮಾ, ನಿಂತ್ಕೊ ಅಲ್ಲೇ" ಎಂದು ಗದರಿದರು. ಮಗು ನಿಂತಿತು. ಜಗಲಿಯಲ್ಲಿ ಕೂತಿದ್ದ ಅಪ್ಪನೂ ಎದ್ದು ನಿಂತರು. ಅಮ್ಮ ಮಗುವನ್ನು ಎತ್ತಿಕೊಂಡು, ನಾಲಗೆ ಕಚ್ಚಿಕೊಂಡು, ಅಜ್ಜಿಯ ಫೋಟೋಕ್ಕೆ ಕೈ ಮುಗಿದರು. ಫೋಟೋ ಏನೂ ಅನ್ನಲಿಲ್ಲ.

ಮರುದಿನದಿಂದ ಅಮ್ಮನ ಬಾಯಲ್ಲಿ ಬೇರೆ ಹೆಸರೇ ಇಲ್ಲ. "ಎಷ್ಟ್ ಸಲ ಹೇಳ್ಬೇಕು ಕೆಂಚಮ್ಮ ನಿಂಗೆ? ಹಟ ಸಾಕು, ತೆಪ್ಪಗೆ ಉಣ್ಣು" ಎಂದು ಗದರುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಪ್ಪ ಒಂದೆರಡು ದಿನ ಸಹಿಸಿ, ಸಿಂಚನವೂ ಒಳ್ಳೆಯ ಹೆಸರೇ ಎಂದು ಅತ್ತಿಗೆಗೆ ಮೆತ್ತಗೆ ಹೇಳಿದರು. ಅಮ್ಮ ಒಪ್ಪಲಿಲ್ಲ.

ಈಗ ನನಗೆ ಗಂಡು ನೋಡುತ್ತಿದ್ದಾರೆ. ತೋಟ ಎಷ್ಟಿದೆ, ಹುಡುಗನ ಗುಣ ಹೇಗೆ ಎಂಬುದನ್ನೆಲ್ಲ ಅಪ್ಪ ವಿಚಾರಿಸುತ್ತಾರೆ. ನಾನು ಕೇಳುವುದು ಹುಡುಗನ ತಾಯಿಯ ಹೆಸರನ್ನು ಮಾತ್ರ. ಕರೆಯಲು ಹೇಗಾದರೂ ಇರಲಿ, ಮುಂದೊಂದು ದಿನ ಮೊಮ್ಮಗಳನ್ನು ಗದರಲು ಬಾಯಿಗೆ ಸಲೀಸಾಗಿರಬೇಕಲ್ಲ.